ಹಾಯಿದೋಣಿಯ ಅರ್ಹತೆ ಪ್ರತಿ ಮಳೆಗಾಲದ ನಂತರ ನವೀಕರಣವಾಗಲಿ

ಮಾನ್ಯ ಸಂಪಾದಕರಿಗೆ,

ಮಳೆಗಾಲ ಮುಗಿದು, ತಾಡಪಾಲು ಹೊದ್ದು ದಡದ ಮೇಲೆ ಕೂತಿದ್ದ ದೋಣಿಗಳಿಗೆ ಬಣ್ಣ ಬಳಿದು ಮುಂಬಯಿ ಬಂದರಿನ ಹಾಯಿದೋಣಿ ಕ್ಲಬ್ಬುಗಳು ಅವನ್ನು ಮತ್ತೆ ನೀರಿಗಿಳಿಸುವ ದಿನಗಳಿವು. ನಮ್ಮ ಸಮಿತಿಗಳು ವರ್ಷದ ನಿಯಮಾವಳಿಯನ್ನು ತಿದ್ದಿ ಅಚ್ಚು ಹಾಕಿಸುವುದೂ ಈ ಹೊತ್ತಿನಲ್ಲೇ. ಆದ್ದರಿಂದ, ಕ್ಲಬ್ಬಿನ ದೋಣಿಯನ್ನು ತಾನೇ ಮುಂದಾಳಾಗಿ ಹೊರಗೆ ಒಯ್ಯಲು ಯಾರು ಅರ್ಹರು, ಆ ಅರ್ಹತೆ ಎಷ್ಟು ಕಾಲ ನಿಲ್ಲಬೇಕು ಎಂಬ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡಲು ಬಯಸುತ್ತೇನೆ. ಮುಂಬಯಿಯಲ್ಲಿರುವ ಎಷ್ಟೋ ಕನ್ನಡ ಕುಟುಂಬಗಳ ಮಕ್ಕಳು ಇತ್ತೀಚೆಗೆ ಈ ಕ್ರೀಡೆಗೆ ಬರುತ್ತಿರುವುದರಿಂದ ಇದು ಕೆಲವೇ ಸದಸ್ಯರ ಮನೆಯ ಮಾತಾಗಿ ಉಳಿದಿಲ್ಲ.

ಈ ಲೋಕದ ಪರಿಚಯವಿಲ್ಲದವರಿಗಾಗಿ ಪದ್ಧತಿಯನ್ನು ಚುಟುಕಾಗಿ ಹೇಳುತ್ತೇನೆ. ಸದಸ್ಯತ್ವದ ಹಣ ಕಟ್ಟಿದ ಮಾತ್ರಕ್ಕೆ ದೋಣಿ ಕೈಗೆ ಬರುವುದಿಲ್ಲ. ಹೊಸಬರು ಮೊದಲು ಕೆಲವು ತಿಂಗಳು ಕ್ರೂ ಆಗಿ, ಅಂದರೆ ಚುಕ್ಕಾಣಿ ಹಿಡಿದವರು ಹೇಳಿದಂತೆ ಹಾಯಿಯ ಹಗ್ಗ ಎಳೆಯುತ್ತ, ಸಡಿಲಿಸುತ್ತ ಕಲಿಯಬೇಕು. ಆಮೇಲೆ ಗಂಟುಗಳು, ದಾರಿಯ ನಿಯಮಗಳು, ಗಾಳಿ ಮತ್ತು ಉಬ್ಬರವಿಳಿತಗಳ ತಿಳಿವಳಿಕೆ ಕುರಿತು ಒಂದು ಪರೀಕ್ಷೆ. ಕೊನೆಗೆ ಪರೀಕ್ಷಕರನ್ನು ಜೊತೆಗೆ ಕೂರಿಸಿಕೊಂಡು ನೀರಿನ ಮೇಲೆ ಇನ್ನೊಂದು. ಇವೆರಡರಲ್ಲೂ ತೇರ್ಗಡೆಯಾದವರ ಹೆಸರು ಸ್ಕಿಪ್ಪರ್‌ಗಳ, ಅಂದರೆ ದೋಣಿಯ ಮುಂದಾಳುಗಳ, ಪಟ್ಟಿಗೆ ಸೇರುತ್ತದೆ. ಅಂದಿನಿಂದ ಜೆಟ್ಟಿಯ ಪುಸ್ತಕದಲ್ಲಿ ತನ್ನ ಹೆಸರು, ಜೊತೆಗಾರರ ಹೆಸರು, ಹೊರಟ ವೇಳೆ, ಮರಳುವ ವೇಳೆ ಬರೆದು ಅವರು ದೋಣಿ ಒಯ್ಯಬಹುದು. ಈ ಏರ್ಪಾಡು ಒಳ್ಳೆಯದೇ. ಕೊರತೆ ಇರುವುದು ಅದರ ಮುಂದಿನ ಭಾಗದಲ್ಲಿ: ಒಮ್ಮೆ ಪಟ್ಟಿಗೆ ಸೇರಿದ ಹೆಸರನ್ನು ನಾನು ಕಂಡ ಮಟ್ಟಿಗೆ ಯಾರೂ ಮತ್ತೆ ಪರಿಶೀಲಿಸುವುದಿಲ್ಲ.

ಇದರಿಂದ ಏನಾಗಬಹುದೆಂಬುದನ್ನು ಕಳೆದ ವರ್ಷ ನಾನೇ ಕಂಡೆ. ಅಕ್ಟೋಬರ್ ತಿಂಗಳು, ಹುಣ್ಣಿಮೆಯ ಆಸುಪಾಸಿನ ಭಾನುವಾರ. ನಮ್ಮ ದೋಣಿಯಲ್ಲಿ ನಾಲ್ವರಿದ್ದೆವು. ಚುಕ್ಕಾಣಿ ಹಿಡಿದಿದ್ದ ಹಿರಿಯ ಸದಸ್ಯರು ಒಂಬತ್ತು ವರ್ಷಗಳ ಹಿಂದೆ ಅರ್ಹತೆ ಪಡೆದವರು. ಸಜ್ಜನರು, ಎಲ್ಲರಿಗೂ ಬೇಕಾದವರು, ಆದರೆ ಅದರ ಹಿಂದಿನ ಋತುವಿನಲ್ಲಿ ಎರಡು ಸಲವೂ ದೋಣಿ ಹತ್ತಿರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಹೊರಡುವಾಗ ಜೆಟ್ಟಿಯಲ್ಲಿದ್ದ ತಾಂಡೇಲ, ಅಂದರೆ ದೋಣಿ ನಡೆಸುವ ಅನುಭವಿ ನಾವಿಕ, "ಸಾಹೇಬ್, ಆಜ್ ಓಹೋಟಿ ಜೋರಾತ್ ಆಹೇ," ಇವತ್ತು ಇಳಿತ ಜೋರಾಗಿದೆ ಎಂದು ಹೇಳಿದ. ನಾವೆಲ್ಲರೂ ಕೇಳಿಸಿಕೊಂಡೆವು. ಆದರೂ ಹೊರಟೆವು.

ಗಾಳಿ ಬೆನ್ನ ಹಿಂದೆ, ಇಳಿತವೂ ಅದೇ ದಿಕ್ಕಿಗೆ. ದೋಣಿ ದಕ್ಷಿಣಕ್ಕೆ ಸಲೀಸಾಗಿ ಓಡಿತು. ಬಂದರಿನ ಬಾಯಿಯ ಬಳಿಯ ಸಂಕ್ ರಾಕ್ ದೀಪಸ್ತಂಭ ಸ್ಪಷ್ಟವಾಗಿ ಕಾಣತೊಡಗಿದ ಹೊತ್ತಿಗೆ, ಒಂದು ದೊಡ್ಡ ಅಲೆ ದೋಣಿಯ ಹಿಂಭಾಗವನ್ನು ಎತ್ತಿ ತಿರುಗಿಸಿತು. ದೊಡ್ಡ ಹಾಯಿ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ತಾನಾಗಿ ಬೀಸಿ ಬಂತು. ಹಾಯಿಯ ಬುಡದಲ್ಲಿರುವ ಅಡ್ಡಮರ, ನಾವು ಬೂಮ್ ಎನ್ನುವುದು, ಹತ್ತೊಂಬತ್ತು ವರ್ಷದ ಹುಡುಗನ ಭುಜಕ್ಕೆ ಬಡಿದು ಅವನು ನೀರಿಗೆ ಬಿದ್ದ. ಲೈಫ್ ಜಾಕೆಟ್ ಇತ್ತು. ಅದರ ಕಿತ್ತಳೆ ಬಣ್ಣ ಅಲೆಗಳ ನಡುವೆ ಕಾಣುತ್ತ, ಮರೆಯಾಗುತ್ತ ಇತ್ತು.

ನೀರಿಗೆ ಬಿದ್ದವರನ್ನು ಎತ್ತಿಕೊಳ್ಳಲು ಮಾಡಬೇಕಾದ ಕೆಲಸ ಗೊತ್ತುಪಡಿಸಿದ್ದೇ ಆಗಿದೆ. ಒಬ್ಬರು ಬಿದ್ದವರ ಮೇಲಿಟ್ಟ ಕಣ್ಣನ್ನು ಕೀಳದೆ ಕೈತೋರಿಸುತ್ತಲೇ ಇರಬೇಕು. ಚುಕ್ಕಾಣಿಯಲ್ಲಿರುವವರು ಗಾಳಿಯನ್ನು ಪಕ್ಕಕ್ಕೆ ಪಡೆದು ಸ್ವಲ್ಪ ದೂರ ಹೋಗಿ, ತಿರುಗಿ, ಬಿದ್ದವರ ಕೆಳಗಾಳಿಯ ಕಡೆಗೆ, ಅಂದರೆ ಗಾಳಿ ಬೀಸಿ ಹೋಗುವ ಬದಿಗೆ, ಇಳಿದು, ಅಲ್ಲಿಂದ ಗಾಳಿಗೆ ಓರೆಯಾಗಿ ಮೇಲೇರಿ ಬಂದು, ಹಾಯಿಯ ಹಗ್ಗಗಳನ್ನು ಪೂರಾ ಬಿಟ್ಟು, ದೋಣಿ ಅವರ ಮಗ್ಗುಲಲ್ಲೇ ನಿಲ್ಲುವಂತೆ ಮಾಡಬೇಕು. ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಬಂದರೆ ಹಾಯಿದೋಣಿಯನ್ನು ನಿಲ್ಲಿಸಲಾಗುವುದಿಲ್ಲ, ಅದಕ್ಕೆ ಬ್ರೇಕ್ ಇಲ್ಲ. ನಮ್ಮ ಸ್ಕಿಪ್ಪರ್ ಗಾಬರಿಯಲ್ಲಿ ಎರಡು ಸಲವೂ ಮೇಲ್ಗಾಳಿಯಿಂದಲೇ ಬಂದರು. ಎರಡು ಸಲವೂ ಹುಡುಗ ಚಾಚಿದ ಕೈಗೂ ನಾನು ಚಾಚಿದ ಕೈಗೂ ನಡುವೆ ಒಂದು ಮೊಳ ಅಂತರ ಉಳಿಯುವಂತೆ ದೋಣಿ ಹಾದುಹೋಯಿತು. ಮೂರನೆಯ ಸಲ ಅವರು ಚುಕ್ಕಾಣಿಯನ್ನು ನನಗೆ ಬಿಟ್ಟುಕೊಟ್ಟರು. ಅವನನ್ನು ಎಳೆದು ಒಳಗೆ ಹಾಕಿದಾಗ ಅವನು ನೀರಿನಲ್ಲಿ ಹದಿನೈದು ನಿಮಿಷಕ್ಕೂ ಹೆಚ್ಚು ಕಳೆದಿದ್ದ. ಭುಜ ಊದಿತ್ತು, ಬೆರಳುಗಳು ನನ್ನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದವೆಂದರೆ ಗುರುತು ಮರುದಿನವೂ ಇತ್ತು.

ಮರಳುವ ದಾರಿ ಇನ್ನೊಂದು ಪಾಠ. ಗಾಳಿಗೂ ಇಳಿತಕ್ಕೂ ಎದುರಾಗಿ ಅಂಕುಡೊಂಕಾಗಿ ಎರಡು ತಾಸು ಓಡಿದರೂ ದಡದ ಕಟ್ಟಡಗಳು ಇದ್ದಲ್ಲೇ ಇದ್ದವು. ಹೊತ್ತು ಮುಳುಗಿದೊಡನೆ ಗಾಳಿ ಬಿತ್ತು. ಕೊನೆಗೆ ಉರಣದ ಕಡೆಯ ಮೀನುಗಾರರು ಹಗ್ಗ ಎಸೆದು ನಮ್ಮನ್ನು ಎಳೆದು ತಂದರು; ಎಷ್ಟು ಹೇಳಿದರೂ ದುಡ್ಡು ಮುಟ್ಟಲಿಲ್ಲ. ಜೆಟ್ಟಿಯ ಪುಸ್ತಕದಲ್ಲಿ ಆ ದಿನದ ಸಾಲಿನ ಕೊನೆಗೆ "ಮರಳಿದರು" ಎಂಬ ಒಂದೇ ಪದವಿದೆ.

ಯಾವ ಕ್ಲಬ್ಬು, ಯಾವ ಸದಸ್ಯರು ಎಂದು ಬರೆಯುವುದು ಅನವಶ್ಯಕ, ಏಕೆಂದರೆ ತಪ್ಪು ಆ ಒಬ್ಬರದ್ದೆಂದು ನಾನು ಭಾವಿಸಿಲ್ಲ. ಒಂಬತ್ತು ವರ್ಷಗಳ ಹಿಂದೆ ಅವರ ಪರೀಕ್ಷೆ ನಡೆದದ್ದು ಉಬ್ಬರದ ನೀರಿನಲ್ಲಿ, ಬೆಳಗಿನ ಹಗುರ ಗಾಳಿಯಲ್ಲಿ, ಜೆಟ್ಟಿಯ ಕಣ್ಣಳತೆಯಲ್ಲಿ. ಅವರು ತೋರಿಸಿದ್ದು ಅಷ್ಟು. ಕ್ಲಬ್ಬು ಅವರಿಗೆ ಕೊಟ್ಟ ಅನುಮತಿಗೆ ಮಾತ್ರ ಗಾಳಿಯ ಮಿತಿಯೂ ಇರಲಿಲ್ಲ, ಕಾಲದ ಮಿತಿಯೂ ಇರಲಿಲ್ಲ.

ಮುಂಬಯಿಯ ನೀರು ಇದನ್ನು ಕ್ಷಮಿಸುವಂಥದಲ್ಲ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ 4 ಮೀಟರನ್ನು ಮೀರುತ್ತದೆ. ಆ ದಿನಗಳಲ್ಲಿ ಉಬ್ಬರ ತುಂಬುವುದು ಹೆಚ್ಚುಕಡಿಮೆ ಮಧ್ಯಾಹ್ನದ ಊಟದ ಹೊತ್ತಿಗೆ. ಅಂದರೆ ಜನ ಹಾಯಿ ಬಿಚ್ಚುವ ಇಡೀ ಮಧ್ಯಾಹ್ನ ನೀರು ಹೊರಸಮುದ್ರಕ್ಕೆ ಇಳಿಯುತ್ತಿರುತ್ತದೆ. ಸುಮಾರು ಆರು ತಾಸಿನ ಇಳಿತದಲ್ಲಿ ಮೂರನೆಯ, ನಾಲ್ಕನೆಯ ತಾಸುಗಳ ಸೆಳೆತ ಎಲ್ಲಕ್ಕಿಂತ ಬಲವಾದದ್ದು. ಮಧ್ಯಾಹ್ನದ ಸಮುದ್ರಗಾಳಿ ವಾಯವ್ಯದಿಂದ ಬೀಸುವುದರಿಂದ ಗೇಟ್‌ವೇ ಆಫ್ ಇಂಡಿಯಾ ಕಡೆಯಿಂದ ಹೊರಟವರಿಗೆ ಹೋಗುವಾಗ ಎಲ್ಲವೂ ಅನುಕೂಲ, ಬರುವಾಗ ಎಲ್ಲವೂ ಪ್ರತಿಕೂಲ. ಆದ್ದರಿಂದ ಲಿಖಿತ ಪರೀಕ್ಷೆಯಲ್ಲಿ ಉಬ್ಬರವೆಂದರೇನು ಎಂದು ಕೇಳುವುದಕ್ಕಿಂತ, ಅಂದಿನ ಉಬ್ಬರವಿಳಿತದ ಪಟ್ಟಿಯನ್ನು ಕೈಗೆ ಕೊಟ್ಟು, ಇಂದು ಎಷ್ಟು ಗಂಟೆಗೆ ಹೊರಡುತ್ತೀರಿ, ಯಾವ ಗುರುತಿನ ಬಳಿ ತಿರುಗುತ್ತೀರಿ, ಗಾಳಿ ಬಿದ್ದರೆ ಲಂಗರು ಎಲ್ಲಿ ಹಾಕುತ್ತೀರಿ ಎಂದು ಕೇಳಬೇಕು.

ದಾರಿಯ ನಿಯಮಗಳ ಬಗ್ಗೆಯೂ ಒಂದು ಮಾತು. ಇಂಜಿನ್ ದೋಣಿ ಹಾಯಿದೋಣಿಗೆ ದಾರಿ ಬಿಡಬೇಕು ಎಂಬ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಬಂದರಿನ ನಡುವೆ ಧೈರ್ಯವಾಗಿ ಸಾಗುವವರಿದ್ದಾರೆ. ಸಮುದ್ರದಲ್ಲಿ ಡಿಕ್ಕಿ ತಡೆಯಲು ಮಾಡಿದ 1972ರ ಅಂತರರಾಷ್ಟ್ರೀಯ ನಿಯಮಾವಳಿಯ 18ನೇ ನಿಯಮ ಹಾಗೆ ಹೇಳುವುದು ನಿಜ. ಅದೇ ನಿಯಮಾವಳಿಯ 9ನೇ ನಿಯಮದಂತೆ, ಇಕ್ಕಟ್ಟಾದ ಕಾಲುವೆಯನ್ನು ಬಿಟ್ಟು ಬೇರೆಡೆ ಸುರಕ್ಷಿತವಾಗಿ ಸಾಗಲಾಗದ ಹಡಗಿಗೆ ಹಾಯಿದೋಣಿ ಅಡ್ಡಿಯಾಗಕೂಡದು ಎಂಬುದೂ ಅಷ್ಟೇ ನಿಜ. ತೈಲದ ಹಡಗುಗಳು, ನೌಕಾಪಡೆಯ ಹಡಗುಗಳು, ಮಾಂಡವಾ ಮತ್ತು ಎಲಿಫೆಂಟಾದ ಪ್ರಯಾಣಿಕ ದೋಣಿಗಳು ಎಲ್ಲವೂ ಓಡಾಡುವ ನೀರು ಇದು. 2024ರ ಡಿಸೆಂಬರ್ 18ರಂದು ಎಲಿಫೆಂಟಾಕ್ಕೆ ಹೊರಟಿದ್ದ ಪ್ರಯಾಣಿಕ ದೋಣಿಗೆ ನೌಕಾಪಡೆಯ ವೇಗದೋಣಿ ಅಪ್ಪಳಿಸಿ ಹತ್ತಕ್ಕೂ ಹೆಚ್ಚು ಜೀವಗಳು ಹೋದದ್ದು ಇದೇ ಬಂದರಿನಲ್ಲಿ, ಹಾಡಹಗಲಿನಲ್ಲಿ.

ಗಂಗೊಳ್ಳಿಯವರಾದ ನನ್ನ ಅಜ್ಜ ಮಂಜಿಯಲ್ಲಿ, ಅಂದರೆ ಸರಕು ಸಾಗಿಸುವ ಹಾಯಿಹಡಗಿನಲ್ಲಿ, ತಾಂಡೇಲರಾಗಿದ್ದವರು. ಮಂಗಳೂರು ಹಂಚು ಹೇರಿಕೊಂಡು ಹಾಯಿಯ ಬಲದಿಂದಲೇ ಮುಂಬಯಿಗೆ ಬರುತ್ತಿದ್ದರು. ಮಂಜಿಗೆ ಹತ್ತಿದ ಹುಡುಗ ಮೊದಲು ಭಂಡಾರಿಯಾಗಿ ಅಡುಗೆ ಮಾಡಬೇಕು, ಆಮೇಲೆ ಖಲಾಸಿಯಾಗಿ ಹಗ್ಗ ಹಿಡಿಯಬೇಕು, ವರ್ಷಗಳಾದ ಮೇಲೆ, ಕೈ ಮತ್ತು ಕಣ್ಣು ಎರಡೂ ನಂಬಿಕೆಗೆ ಬಂದರೆ, ಚುಕ್ಕಾಣಿ. ಯಾರ ಬಳಿಯೂ ಕಾಗದವಿರಲಿಲ್ಲ. ಆ ಕ್ರಮ ನಡೆದದ್ದು ಅವರು ಋತುವಿಡೀ ನೀರಿನ ಮೇಲೇ ಬದುಕುತ್ತಿದ್ದುದರಿಂದ. ದಿನದಿನದ ಕೆಲಸವೇ ಅವರ ಪರೀಕ್ಷೆಯಾಗಿತ್ತು. ನಾವು ವರ್ಷಕ್ಕೆ ಹತ್ತು ಹನ್ನೆರಡು ಭಾನುವಾರ ದೋಣಿ ಹತ್ತುವವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು ಹಗ್ಗ ಮುಟ್ಟುವುದೇ ಇಲ್ಲ. ಅಕ್ಟೋಬರ್‌ನಲ್ಲಿ ನನ್ನ ಕೈಯೇ ಬೋಲೈನ್ ಗಂಟಿನ ಮುಂದೆ ಒಂದು ಕ್ಷಣ ತಡೆಯುತ್ತದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಅರ್ಹತೆ ಒಂದು ಋತುವಿನ ಮಟ್ಟಿಗೆ ಮಾತ್ರ ಇರಲಿ, ಮತ್ತು ಯಾವ ಬಗೆಯ ದೋಣಿಗೆ, ಎಷ್ಟು ನಾಟ್ (ಗಾಳಿಯ ವೇಗದ ಅಳತೆ) ಗಾಳಿಯವರೆಗೆ ಎಂಬುದನ್ನು ಅದರಲ್ಲೇ ಬರೆಯಲಿ; ಒಬ್ಬರೇ ಕೂರುವ ಲೇಸರ್ ದೋಣಿಯನ್ನು ಮಗುಚಿ ಎಬ್ಬಿಸಬಲ್ಲವರು ನಾಲ್ವರ ಭಾರದ ದೋಣಿಯನ್ನು ನೀರಿಗೆ ಬಿದ್ದವರ ಮಗ್ಗುಲಲ್ಲಿ ನಿಲ್ಲಿಸಬಲ್ಲರೆಂದು ಹೇಳಲಾಗದು. ಮಳೆಗಾಲದ ನಂತರ ಪ್ರತಿ ಸ್ಕಿಪ್ಪರೂ, ಹೊಸಬರಿರಲಿ ಮೂವತ್ತು ವರ್ಷದ ಸದಸ್ಯರಿರಲಿ, ಒಂದು ತಾಸು ನೀರಿನ ಮೇಲೆ ತೋರಿಸಲಿ: ಗಾಳಿ ಏರಿದಾಗ ಹಾಯಿಯನ್ನು ಮಡಚಿ ಕಿರಿದು ಮಾಡುವುದು, ಮತ್ತು ನೀರಿಗೆ ಬಿದ್ದವರನ್ನು ಎತ್ತಿಕೊಳ್ಳುವುದು. ಎರಡನೆಯದಕ್ಕೆ ದೊಡ್ಡ ಏರ್ಪಾಡೂ ಬೇಡ. ನನ್ನ ಪರೀಕ್ಷೆಯ ದಿನ ಪರೀಕ್ಷಕರು ಏನೂ ಹೇಳದೆ, ಜೆಟ್ಟಿಗೆ ಉಜ್ಜದಂತೆ ದೋಣಿಯ ಬದಿಗೆ ಕಟ್ಟಿದ್ದ ಗಾಳಿ ತುಂಬಿದ ಫೆಂಡರನ್ನು ಬಿಚ್ಚಿ, ನೀರು ತುಂಬಿದ ಪುಟ್ಟ ಬಕೀಟನ್ನು ಅದಕ್ಕೆ ಕಟ್ಟಿ ಸಮುದ್ರಕ್ಕೆ ಎಸೆದು, "ಮನುಷ್ಯ ಬಿದ್ದ" ಎಂದರು. ಮೊದಲ ಬಾರಿ ನನಗೆ ಆಗಲಿಲ್ಲ. ಅವರು ನನ್ನನ್ನು ಅನುತ್ತೀರ್ಣಗೊಳಿಸಿ ಮುಂದಿನ ತಿಂಗಳು ಬರಹೇಳಿದರು. ಆ ಒಂದು ತಿಂಗಳು ನಾನು ಪ್ರತಿ ಭಾನುವಾರ ಅದೇ ಫೆಂಡರನ್ನು ಎತ್ತಿದ್ದರಿಂದಲೇ ಕಳೆದ ಅಕ್ಟೋಬರ್‌ನಲ್ಲಿ ನನಗೆ ಮಾಡಬೇಕಾದ್ದು ಹೊಳೆಯಿತು.

ಪರೀಕ್ಷಕರ ವಿಷಯದಲ್ಲಿ ನನ್ನದು ಇನ್ನೂ ಗಟ್ಟಿಯಾದ ಅಭಿಪ್ರಾಯ. ಸದಸ್ಯರೇ ಸದಸ್ಯರನ್ನು ಪರೀಕ್ಷಿಸುವಲ್ಲಿ ಸ್ನೇಹದ ಸಂಕೋಚ ಬಂದೇ ಬರುತ್ತದೆ. ಇಬ್ಬರು ಪರೀಕ್ಷಕರಲ್ಲಿ ಒಬ್ಬರು ಕ್ಲಬ್ಬಿನ ತಾಂಡೇಲರಾಗಿರಬೇಕು. ಈ ನೀರನ್ನು ಅವರಷ್ಟು ಬಲ್ಲವರು ನಮ್ಮಲ್ಲಿ ಯಾರೂ ಇಲ್ಲ. ಆದರೂ ಅವರು ಸಂಬಳದ ನೌಕರರೆಂಬ ಕಾರಣಕ್ಕೆ ಅವರ ಮಾತಿಗೆ ನಿಯಮಾವಳಿಯಲ್ಲಿ ಸ್ಥಾನವಿಲ್ಲ. ಅಂದು ಇಳಿತ ಜೋರಾಗಿದೆ ಎಂದ ಮನುಷ್ಯನಿಗೆ ದೋಣಿ ತಡೆಯುವ ಅಧಿಕಾರವಿದ್ದಿದ್ದರೆ ಆ ಹುಡುಗ ನೀರಿಗೆ ಬೀಳುತ್ತಿರಲಿಲ್ಲ. ಅಂಥ ಅಧಿಕಾರವನ್ನು ಲಿಖಿತವಾಗಿ ಕೊಡಬೇಕು, ಮತ್ತು ಅವರು ಬೇಡವೆಂದ ದಿನ ಅಧ್ಯಕ್ಷರ ದೋಣಿಯೂ ಜೆಟ್ಟಿ ಬಿಡಬಾರದು.

ಹಿರಿಯರಿಗೆ ಇದು ಅಗೌರವವೆನಿಸಬಹುದು ಎಂದು ಗೆಳೆಯರು ಎಚ್ಚರಿಸಿದ್ದಾರೆ. ಹಿರಿತನಕ್ಕೆ ಕ್ಲಬ್ಬಿನಲ್ಲಿ ಸಲ್ಲಬೇಕಾದ ಮರ್ಯಾದೆ ಬೇಕಾದಷ್ಟಿದೆ; ಆದರೆ ಇನ್ನೊಬ್ಬರ ಮಗನನ್ನು ಕೂರಿಸಿಕೊಂಡು ಹೊರಡುವ ಹಕ್ಕನ್ನು ಆ ಮರ್ಯಾದೆಯ ಲೆಕ್ಕಕ್ಕೆ ಸೇರಿಸಲಾಗದು. ಸಮಯವಿಲ್ಲ, ಪರೀಕ್ಷಕರಿಲ್ಲ ಎಂಬ ಮಾತನ್ನೂ ಕೇಳಿದ್ದೇನೆ. ಋತುವಿನ ಮೊದಲ ಮೂರು ಭಾನುವಾರಗಳನ್ನು ಇದಕ್ಕಾಗಿಯೇ ಮೀಸಲಿಟ್ಟು, ಮೊದಲ ರೇಸನ್ನು ಅಷ್ಟು ಮುಂದೂಡಿದರೆ ಸಾಕು.

ಮಕ್ಕಳನ್ನು ಕಳಿಸುವ ಪೋಷಕರೂ ಜೆಟ್ಟಿಯಲ್ಲಿ ಸಂಕೋಚಪಡದೆ ಕೇಳಲಿ: ಇಂದು ಚುಕ್ಕಾಣಿ ಹಿಡಿಯುವವರು ಯಾರು, ಅವರು ಕೊನೆಯ ಸಲ ಪರೀಕ್ಷೆ ಕೊಟ್ಟದ್ದು ಯಾವಾಗ, ಜೊತೆಯಲ್ಲಿ ರಕ್ಷಣಾ ದೋಣಿ ಇದೆಯೇ. ಕರಾವಳಿ ರಕ್ಷಣಾ ಪಡೆಯ ತುರ್ತು ಸಂಖ್ಯೆ 1554 ಎಂಬುದೂ ಮನೆಯವರೆಲ್ಲರಿಗೂ ತಿಳಿದಿರಲಿ.

ಕಳೆದ ವರ್ಷ ನೀರಿಗೆ ಬಿದ್ದ ಆ ಹುಡುಗ ಭುಜ ಗುಣವಾದ ಮೇಲೆ ಮತ್ತೆ ಬಂದಿದ್ದಾನೆ. ಈ ತಿಂಗಳು ಅವನ ಸ್ಕಿಪ್ಪರ್ ಪರೀಕ್ಷೆ. ಅದು ಹುಣ್ಣಿಮೆಯ ಆಸುಪಾಸಿನ ಮಧ್ಯಾಹ್ನ, ಇಳಿತದ ಮೂರನೆಯ ತಾಸಿನಲ್ಲಿ ನಡೆಯಬೇಕೆಂದು, ತಾಂಡೇಲರೂ ದೋಣಿಯಲ್ಲಿರಬೇಕೆಂದು ಸಮಿತಿಗೆ ಬರೆದು ಕೊಟ್ಟಿದ್ದೇನೆ. ಆ ಪತ್ರಕ್ಕೆ ಅವನೂ ಸಹಿ ಹಾಕಿದ್ದಾನೆ. ಅದೇ ದಿನ ಅವನ ನಂತರ ನನ್ನನ್ನೂ ಪರೀಕ್ಷಿಸಬೇಕೆಂದು ಕೇಳಿಕೊಂಡಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಹಾಯಿದೋಣಿ ಕ್ಲಬ್ಬೊಂದರ ಸದಸ್ಯ,
ಕೊಲಾಬಾ, ಮುಂಬಯಿ