ಹಾಜರಿ ಪುಸ್ತಕ ಬಿಡಿ, ಬಿಲ್ ನೋಡಿ: ಕಾರ್ಮಿಕ ಸಚಿವರಿಗೆ ಬಳ್ಳಾರಿಯಿಂದ ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರೇ,

ಬಳ್ಳಾರಿಯ ದೊಡ್ಡ ಸರಣಿ ಮಳಿಗೆಗಳಿಗೆ ನಿಮ್ಮ ನಿರೀಕ್ಷಕರು ತಪಾಸಣೆಗೆ ಹೋದರೆ ಹಾಜರಿ ಪುಸ್ತಕ, ಸಂಬಳದ ಪಟ್ಟಿ ಎಲ್ಲ ಅಚ್ಚುಕಟ್ಟಾಗಿ ಸಿಗುತ್ತವೆ. ಸಿಗಲೇಬೇಕು, ಅವನ್ನು ಬರೆಯುವುದೇ ತಪಾಸಣೆಗಾಗಿ. ಸಂಜೆ ಆರೂವರೆಗೆ ಯಂತ್ರಕ್ಕೆ ಬೆರಳೊತ್ತಿ 'ಔಟ್' ಆದ ಹುಡುಗಿ ಮತ್ತೆ ಕೌಂಟರಿಗೆ ಬಂದು ಒಂಬತ್ತೂವರೆವರೆಗೆ ಬಿಲ್ ಹಾಕುತ್ತಾಳೆ. ಆ ಮೂರು ಗಂಟೆ ಯಾವ ಪುಸ್ತಕದಲ್ಲೂ ಇಲ್ಲ.

ಬಿಲ್ಲಿನಲ್ಲಿದೆ. ಗಿರಾಕಿಗೆ ಕೊಡುವ ಚೀಟಿಯಲ್ಲಿ ಕೌಂಟರ್ ನಂಬರು, ಕ್ಯಾಶಿಯರ್ ಕೋಡು, ಗಂಟೆ, ನಿಮಿಷ ಅಚ್ಚಾಗಿರುತ್ತವೆ. ಯಾವ ಕೋಡಿನಿಂದ ಎಷ್ಟು ಹೊತ್ತು ಬಿಲ್ ಹಾಕಿದೆ ಎಂದು ತೋರಿಸುವ ಒಂದು ತಿಂಗಳ ಲಾಗಿನ್ ಪಟ್ಟಿಯನ್ನು ಕಂಪನಿಯ ಮುಖ್ಯ ಕಚೇರಿಯಿಂದಲೇ ತರಿಸಿ, ಹಾಜರಿಯ ಪಕ್ಕದಲ್ಲಿಟ್ಟು ತಾಳೆ ನೋಡಿಸಿ. ಮಳಿಗೆಯ ಮ್ಯಾನೇಜರನ್ನು ಕೇಳಿದರೆ ಸರ್ವರ್ ಕೆಟ್ಟಿರುತ್ತದೆ. ಗೋದಾಮಿನ ಹುಡುಗರಿಗೆ ಲಾಗಿನ್ ಇರುವುದಿಲ್ಲ. ಅವರದ್ದು ಸಿಸಿಟಿವಿಯಲ್ಲಿ ಸಿಗುತ್ತದೆ. ಹಳೆಯ ದೃಶ್ಯ ತಾನಾಗಿ ಅಳಿಸಿಹೋಗುವುದರಿಂದ ಹೋದ ದಿನವೇ ಪ್ರತಿ ಪಡೆಯಬೇಕು.

1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ವಾರಕ್ಕೆ 48 ಗಂಟೆ ಕೆಲಸ, ಮೂರು ತಿಂಗಳಿಗೆ ಹೆಚ್ಚೆಂದರೆ 50 ಗಂಟೆ ಓಟಿ (ಹೆಚ್ಚುವರಿ ಕೆಲಸ), ಅದಕ್ಕೆ ದುಪ್ಪಟ್ಟು ಕೂಲಿ. ದಿನಕ್ಕೆ ಮೂರು ಗಂಟೆಯಂತೆ ಆ 50 ಗಂಟೆ 17ನೇ ದಿನಕ್ಕೇ ಮುಗಿಯುತ್ತದೆ. ಸಂಬಳ 13,000 ರೂಪಾಯಿ ಎಂದಿಟ್ಟುಕೊಳ್ಳಿ: 26 ದಿನ, 8 ಗಂಟೆಯಂತೆ ಗಂಟೆಗೆ 62.50, ದುಪ್ಪಟ್ಟು 125. ತಿಂಗಳ 78 ಗಂಟೆಗೆ 9,750 ರೂಪಾಯಿ. ಒಬ್ಬಳಿಗೆ, ಒಂದು ತಿಂಗಳಿಗೆ.

ಇನ್ನು 'ಶಾರ್ಟೇಜ್'. ಸ್ಟಾಕ್ ಎಣಿಸಿದಾಗ ಕಡಿಮೆ ಬಿದ್ದ ಮಾಲಿನ ಬೆಲೆಯನ್ನು ಎಲ್ಲರ ಸಂಬಳದಿಂದ ಸಮನಾಗಿ ಮುರಿಯುತ್ತಾರೆ. ಕಳ್ಳತನವೇ ಆಗಿರಬೇಕೆಂದಿಲ್ಲ. ಒಂದು ಕೊಂಡರೆ ಒಂದು ಉಚಿತ ಎಂಬ ಆಫರಿನಲ್ಲಿ ಉಚಿತ ಪೊಟ್ಟಣವನ್ನು ಸ್ಕ್ಯಾನ್ ಮಾಡದೆ ಕೊಟ್ಟರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇನ್ನೂ ಕಪಾಟಿನಲ್ಲೇ ಇರುತ್ತದೆ. ಲಾರಿಯಿಂದ ಇಳಿದ ಪೆಟ್ಟಿಗೆ ಎಣಿಸದೆ ಇನ್‌ವಾಯ್ಸ್ ನೋಡಿ ಎಂಟ್ರಿ ಹಾಕಿದರೂ ಅಷ್ಟೇ. ಬಿಡಿ ಬೆಲ್ಲ, ಹುಣಸೆಹಣ್ಣು ಬಳ್ಳಾರಿಯ ಬೇಸಿಗೆಯಲ್ಲಿ ಒಣಗಿ ತೂಕ ಇಳಿಯುತ್ತವೆ, ಸೂರ್ಯನಿಗೆ ನೋಟಿಸ್ ಕೊಡಲಾಗದು. ಆ ಕಾರ್ಮಿಕನ ಕೈಗೇ ಒಪ್ಪಿಸಿದ ಮಾಲು, ಅವನದೇ ಅಜಾಗರೂಕತೆಯಿಂದ ಹೋಗಿದ್ದು, ಅವನ ವಿವರಣೆ ಕೇಳಿದ ಮೇಲೆ ಮಾತ್ರ ಕಡಿತ ಎನ್ನುತ್ತದೆ ವೇತನ ಕಾನೂನು. ಹಂಚಿ ಮುರಿಯುವುದು ಅದರಲ್ಲಿಲ್ಲ.

ಸಂಬಳದ ಚೀಟಿಯಲ್ಲಿ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಸಾಲನ್ನೂ ನೋಡಿಸಿ. ಕಾರ್ಮಿಕನ ಪಾಲು 0.75%, ಮಾಲೀಕನದ್ದು 3.25%. ಕಡಿತ 4% ಎಂದಿದ್ದರೆ ಎರಡೂ ಒಬ್ಬನ ತಲೆಗೇ ಬಿದ್ದಿವೆ. ಪಿಎಫ್ ಪಾಸ್‌ಬುಕ್ಕಿನಲ್ಲಿ ಕೆಲಸಗಾರರನ್ನು ಒದಗಿಸುವ ಏಜೆನ್ಸಿಯ ಹೆಸರು ವರ್ಷಕ್ಕೊಮ್ಮೆ ಬದಲಾಗಿ, ಮಳಿಗೆಯೂ ಕೌಂಟರೂ ಅದೇ ಇದ್ದರೆ, ಅದು ಒಬ್ಬ ಮಾಲೀಕನ ಬಳಿ ಐದು ವರ್ಷ ದುಡಿದರೆ ಸಿಗುವ ಗ್ರಾಚ್ಯುಟಿ ತಪ್ಪಿಸುವ ಉಪಾಯ. ನೇಮಕಾತಿ ಆದೇಶವನ್ನು ಫಾರಂ 'ಕ್ಯೂ'ನಲ್ಲಿ 30 ದಿನದೊಳಗೆ ಕೊಡಬೇಕು. ತಪಾಸಣೆಯಲ್ಲಿ ಅದನ್ನು ಕಡತದಲ್ಲಲ್ಲ, ಕಾರ್ಮಿಕರ ಕೈಯಲ್ಲಿ ಕೇಳಿ.

ಹೆಚ್ಚು ಹೊತ್ತು ಬಾಗಿಲು ತೆರೆಯಲು ಅನುಮತಿ ಕೊಟ್ಟ 2021ರ ಜನವರಿಯ ಸರ್ಕಾರಿ ಆದೇಶವೇ, ರಾತ್ರಿ ಎಂಟರ ನಂತರ ಹೆಣ್ಣುಮಕ್ಕಳ ಕೆಲಸಕ್ಕೆ ಲಿಖಿತ ಒಪ್ಪಿಗೆ, ಪಾಳಿಯವರಿಗೆ ವಾಹನ, ಅದರ ಸೂಚನೆ ಮುಖ್ಯ ಬಾಗಿಲಲ್ಲಿ ಇರಬೇಕು ಎಂದಿತ್ತು. ಬಾಗಿಲಲ್ಲಿ ಈಗಿರುವುದು ಆಫರಿನ ಬೋರ್ಡು. ಗಲ್ಲಾ ಪೆಟ್ಟಿಗೆಯ ಲೆಕ್ಕ ಮುಗಿಸಿ ಕುರುಗೋಡಿನ ಹುಡುಗಿ ಬಸ್‌ಸ್ಟ್ಯಾಂಡಿಗೆ ಓಡಬೇಕು.

ಅಂಗಡಿ ಕೆಲಸಗಾರರಿಗೆ ಕೂರಲು ಆಸನ ಇರಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ಮಾಡಿದವು. ನಮ್ಮ ಕೌಂಟರುಗಳಿಗೂ ಹಾಕಿಸಿ.

ಮೊದಲ ತಪಾಸಣೆ ದಸರಾ–ದೀಪಾವಳಿ ನಡುವಿನ ಒಂದು ಭಾನುವಾರ, ರಾತ್ರಿ ಎಂಟೂವರೆಗೆ, ಮುಂಚೆ ಫೋನ್ ಮಾಡದೆ ಆಗಲಿ. ನಿರೀಕ್ಷಕರು ಒಂದು ಸೋಪು ಕೊಂಡು ಬಿಲ್ ಇಟ್ಟುಕೊಳ್ಳಲಿ.

ಇಂತಿ,
ಬಳ್ಳಾರಿಯ ಮಳಿಗೆ ಕೆಲಸಗಾರರು