ಹಡಗು ಪ್ರವಾಸ: ಕ್ಯಾಬಿನ್ ಆಯ್ಕೆಯಲ್ಲೇ ಅರ್ಧ ನೆಮ್ಮದಿ

ಮಾನ್ಯ ಸಂಪಾದಕರೇ,

ಕಾಸರಗೋಡಿನಿಂದ ಕೊಚ್ಚಿಗೆ ರೈಲಿನಲ್ಲಿ ಹೋಗಿ ಕ್ರೂಸ್ ಹತ್ತುವವರು ನಡುಗಡಲಿನ ಒಂದಿಡೀ ದಿನವನ್ನು ವಾಂತಿಯಲ್ಲೇ ಕಳೆಯಬೇಕಿಲ್ಲ. ಬುಕಿಂಗ್ ಮಾಡುವಾಗಲೇ ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕ್ಯಾಬಿನ್ ಕೇಳಿ. ಅಲೆಗೆ ತುದಿಗಳು ಏರಿಳಿದಷ್ಟು ನಡು ಏರಿಳಿಯದು. ಬಾಲ್ಕನಿಯ ಆಸೆಗೆ ಮುಂತುದಿಯ ಮೇಲಂತಸ್ತು ಹಿಡಿದವರಿಗೇ ತಲೆಸುತ್ತು ಹೆಚ್ಚು. ವೈದ್ಯರನ್ನು ಕೇಳಿ ಮಾತ್ರೆಯನ್ನು ಹೊರಡುವ ಒಂದೆರಡು ಗಂಟೆ ಮೊದಲೇ ನುಂಗಬೇಕು. ಓಕರಿಕೆ ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಖಾಲಿ ಹೊಟ್ಟೆಯೂ ಬೇಡ, ಬಫೆಯ ಎಣ್ಣೆ ತಿಂಡಿಯೂ ಬೇಡ. ಎರಡು ಇಡ್ಲಿ ಸಾಕು. ಡೆಕ್‌ನಲ್ಲಿ ಕುಳಿತು ಬಾನಂಚು ನೋಡಿ, ಮೊಬೈಲನ್ನಲ್ಲ. ಅಂದಹಾಗೆ, ದಡ ಬಿಟ್ಟೊಡನೆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಇಲ್ಲವಾದರೆ ಅದು ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದು ರೋಮಿಂಗ್ ಬಿಲ್ ಏರೀತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದ ಸಹವಾಸವೇ ಬೇಡ.

– ಓದುಗರು, ಕುಂಬಳೆ