ದೋಣಿ ಕೆಸರಲ್ಲಿ ಹೂತಾಗ

ಪ್ರೀತಿಯ ಗೆಳೆಯ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಮಧ್ಯೆ ಮಧ್ಯೆ ಬಾಯಿ ಹಾಕುತ್ತೀಯ. ಈ ಕತೆಗೆ ಅದು ಆಗುವುದಿಲ್ಲ ಮಾರಾಯ, ಅದಕ್ಕೇ ಬರೆಯುತ್ತಿದ್ದೇನೆ.

ಮಕ್ಕಳಿಗೆ ರಜೆ ಇತ್ತು. ಶಿರಸಿಯಿಂದ ಐದೂ ಜನ ಘಟ್ಟ ಇಳಿದೆವು. ದೋಣಿಯಲ್ಲಿ ಸುತ್ತುವುದು, ಪ್ರಾಣಿ ಪಕ್ಷಿ ನೋಡುವುದು, ಅಷ್ಟೇ ಯೋಜನೆ. ಹೊರಟ ದಿನ ಅಮಾವಾಸ್ಯೆ. ಅಮ್ಮನ, ಅಂದರೆ ನಮ್ಮ ಆಯಿಯ, ಮುಖ ಹೇಗಿತ್ತು ಅಂತ ನಿನಗೆ ಬೇರೆ ಹೇಳಬೇಕಿಲ್ಲ. ಮಗನ ಕುತ್ತಿಗೆಯಲ್ಲಿ ಬೈನಾಕ್ಯುಲರ್. ಹೋದ ವರ್ಷ ದಾಂಡೇಲಿಯಲ್ಲಿ, ಕಾಳಿ ನದಿಯ ದಂಡೆಯಲ್ಲಿ ಮೊಸಳೆ ಮಲಗಿದ್ದು ನೋಡಿದ್ದಾನಲ್ಲ, ಆಮೇಲಿಂದ ಅವನಿಗೆ ನೀರು ಕಂಡಲ್ಲೆಲ್ಲ ಮೊಸಳೆ ಬೇಕು.

ಮೊದಲು ಹೊನ್ನಾವರ, ಶರಾವತಿ. ಒಂದು ದೊಡ್ಡ ಬೋಟ್ ಹತ್ತಿದೆವು. ಹೆಸರು ಬೇಡ. ಬೆಳಗ್ಗೆ ಹನ್ನೊಂದು ದಾಟಿತ್ತು, ಭರತದ ಹೊತ್ತು, ನೀರು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರು ಮುಚ್ಚುವಷ್ಟು ತುಂಬಿತ್ತು. ಬೋಟಿನ ಸ್ಪೀಕರಿನಲ್ಲಿ ಹಾಡು. ಹಾಡಿಗೆ ಹತ್ತಾರು ಜನರ ಚಪ್ಪಾಳೆ. ಒಂದು ತಾಸಿನಲ್ಲಿ ಕಂಡದ್ದು ನಾಲ್ಕು ಬೆಳ್ಳಕ್ಕಿ, ಒಂದು ನೀರುಕಾಗೆ. ಇಳಿಯುವಾಗ ಆಯಿ ಒಂದೇ ಮಾತು ಹೇಳಿದಳು: "ನಾ ಹೇಳಿದ್ನಿಲ್ಯಾ?"

ತಪ್ಪು ಬೋಟಿನದ್ದಷ್ಟೇ ಅಲ್ಲ, ನಮ್ಮದೂ ಹೌದು. ತಿಂಡಿ ತಿಂದು, ಬಿಸಿಲೇರಿದ ಮೇಲೆ ಆರಾಮಾಗಿ ಹೋಗಿದ್ದೆವು.

ಕುಮಟಾದ ನೆಂಟರ ಮನೆಯಲ್ಲಿ ಒಂದು ದಿನ ಸುಮ್ನೆ ಕಳೆಯಿತು. ಅವರಿಗೆ ಪರಿಚಯದ ದೋಣಿಯವರೊಬ್ಬರು ಸಿಕ್ಕರು. ಮೀನು ಹಿಡಿಯುವ ಸಣ್ಣ ದೋಣಿ, ಹಿಂದೆ ಒಂದು ಇಂಜಿನ್. ಅಘನಾಶಿನಿ ಹೊಳೆಯಲ್ಲಿ ಐಗಳಕುರ್ವೆ ದ್ವೀಪದ ಸುತ್ತ ಕರೆದುಕೊಂಡು ಹೋಗಿ ಅಂದೆ. ಎಷ್ಟು ಗಂಟೆಗೆ ಬರುತ್ತೀರಿ ಅಂತ ಅವರು ಕೇಳಲೇ ಇಲ್ಲ. "ನಾಳೆ ತಿಥಿ ಯಾವುದು?" ಅಂದರು. ಆಯಿ ಒಳಗಿಂದಲೇ "ಬಿದಿಗೆ" ಅಂದಳು. "ಹಂಗಾದ್ರೆ ಏಳರ ಮೇಲೆ ಪೂರ್ತಿ ಇಳಿತ. ಆರೂಕಾಲಿಗೆ ಬನ್ನಿ."

ಆಯಿ ಪಂಚಾಂಗ ಹಿಡಿದುಕೊಂಡೇ ಹೊರಗೆ ಬಂದಳು. ಆಮೇಲೆ ಇಬ್ಬರೂ ಅರ್ಧ ತಾಸು ಮಾತಾಡಿದರು. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ ಚಂದ್ರ ಇಬ್ಬರ ಸೆಳೆತವೂ ಒಂದೇ ಸಾಲಿಗೆ ಬರುತ್ತದಲ್ಲ, ಆಗ ಭರತವೂ ಜಾಸ್ತಿ, ಇಳಿತವೂ ಜಾಸ್ತಿ. ಭರತ ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ನೀರು ಪೂರ್ತಿ ಇಳಿದಾಗ ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಹಕ್ಕಿಗಳಿಗೆ ಊಟದ ಎಲೆ ಹಾಕಿದ ಹಾಗೆ. ಅಮಾವಾಸ್ಯೆ ಕೆಟ್ಟದ್ದಲ್ಲ ಅಂತ ಹೊರಗಿನವರೊಬ್ಬರು ಹೇಳಿದ್ದನ್ನು ಆಯಿ ಒಪ್ಪಿದ್ದು ಇದೇ ಮೊದಲು.

ಬೆಳಗ್ಗೆ ಮಬ್ಬುಗತ್ತಲು. ಥಂಡಿ. ಆಯಿ ಶಾಲು ಹೊದ್ದು ಮುಂದೆ ಕೂತಳು. ಈ ಹೊಳೆಯ ಒಂದು ಕವಲು ಹುಟ್ಟುವುದು ನಮ್ಮ ಶಿರಸಿಯ ಶಂಕರ ಹೊಂಡದಲ್ಲಿ. ಉಂಚಳ್ಳಿಯಲ್ಲಿ ಧುಮುಕಿ, ಎಲ್ಲೂ ಒಂದು ದೊಡ್ಡ ಅಣೆಕಟ್ಟೂ ಅಡ್ಡ ಬಾರದೆ ತದಡಿಯ ಹತ್ತಿರ ಕಡಲಿಗೆ ಸೇರುತ್ತದೆ. ಆಯಿ ಕೈ ಅದ್ದಿ ನಾಲಿಗೆಗೆ ಹಚ್ಚಿ "ಉಪ್ಪು" ಅಂದಳು. ಆ ಉಪ್ಪಿನಿಂದಲೇ ಇಲ್ಲಿ ಬೆಳಚು ಅನ್ನುವ ಚಿಪ್ಪಿ ಅಷ್ಟು ಸಮೃದ್ಧ. ಶರಾವತಿಯಲ್ಲಿ ಲಿಂಗನಮಕ್ಕಿ ಅಣೆಕಟ್ಟಿನಿಂದ ಕರೆಂಟು ತಯಾರಿಸಿ ಬಿಡುವ ಸಿಹಿನೀರು ವರ್ಷವಿಡೀ ಬರುತ್ತದೆ, ಅಳಿವೆಯ, ಅಂದರೆ ಹೊಳೆ ಕಡಲು ಸೇರುವ ಜಾಗದ, ಉಪ್ಪು ತೆಳುವಾಗುತ್ತದೆ, ಚಿಪ್ಪಿ ಕಡಿಮೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ್ದು ನಿನಗೆ ಗೊತ್ತಿರಬೇಕು, 4,801 ಹೆಕ್ಟೇರ್. ಇದನ್ನು ದೋಣಿಯವರಿಗೆ ಹೇಳಿದೆ. ಅವರು ಬೀಡಿ ಹಚ್ಚಿದರು.

ಅಲ್ಲಿಗೆ ದೋಣಿ ಹೂತಿತು.

ನಿಜಕ್ಕೂ ಹೂತಿತು ಮಾರಾಯ. ನೀರು ಇಳಿಯುತ್ತಲೇ ಇತ್ತು, ಮಗಳು ಏಡಿ ನೋಡಬೇಕೆಂದು ಹಟ ಮಾಡಿದಳೆಂದು ಕಾಂಡ್ಲಾ ಗಿಡಗಳ ಹತ್ತಿರ ಹೋಗಿದ್ದೆವು. ಗಳ ಊರಿ ತಳ್ಳಿದರು, ನಾನೂ ಇಳಿದೆ, ಮೊಣಕಾಲಿನ ತನಕ ಕೆಸರು. ಒಂದು ಚಪ್ಪಲಿ ಅಲ್ಲೇ ಉಳಿಯಿತು. ಕೊನೆಗೆ ದೋಣಿಯವರು "ಇನ್ನು ಭರತ ಬರೂ ತನಕ ಹಿಂಗೇ. ಯಾರೂ ಮಾತಾಡ್ಬೇಡಿ" ಅಂದು ಇಂಜಿನ್ ಬಂದ್ ಮಾಡಿ ಕೂತುಬಿಟ್ಟರು.

ಮೊದಲ ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಕೆಸರು ಅಲುಗಾಡಿತು. ಬೆರಳುದ್ದದ ಮೀನು, ಕಣ್ಣು ತಲೆಯ ಮೇಲೆ, ಎದೆಯ ರೆಕ್ಕೆಯನ್ನೇ ಕೈಯಾಗಿಸಿಕೊಂಡು ತೆವಳುತ್ತಿತ್ತು! ಇದೇ ಮಡ್‌ಸ್ಕಿಪ್ಪರ್. ಮೈ ಒದ್ದೆ ಇರುವಷ್ಟು ಹೊತ್ತು ಚರ್ಮದಿಂದಲೇ ಉಸಿರಾಡುತ್ತದೆ. ಒಂದಲ್ಲ, ನೂರಾರು. ಪಕ್ಕದಲ್ಲಿ ಏಡಿಗಳು, ಗಂಡಿಗೆ ಒಂದು ಕೊಂಬು ಮಾತ್ರ ದೊಡ್ಡದು, ಅದನ್ನೆತ್ತಿ ಹೆಣ್ಣಿಗೆ ಬಾ ಬಾ ಅನ್ನುತ್ತಿತ್ತು. "ಅಪ್ಪ ಫೋನ್ ಎತ್ತಿ ನೆಟ್‌ವರ್ಕ್ ಹುಡುಕೋ ಹಾಗಿದೆ" ಅಂತ ಮಗಳು ಪಿಸುಗುಟ್ಟಿದಳು. ಮೇಲೆ ಡೇಗೆಯೊಂದು (ಮೀನು ಹಿಡಿಯುವ ಗಿಡುಗ, ಆಸ್ಪ್ರೆ) ಮೀನು ಹಿಡಿದು ಹೋಯಿತು. ಮೀನಿನ ತಲೆ ಮುಂದಕ್ಕೇ ಇತ್ತು. ಗಾಳಿ ತಡೆಯಬಾರದೆಂದು ಅದು ಹಾಗೇ ತಿರುಗಿಸಿ ಹಿಡಿಯುತ್ತದೆ.

ಸೂರ್ಯ ಘಟ್ಟದ ಮೇಲೆ ಬರುವ ಹೊತ್ತಿಗೆ ಮಗ ನನ್ನ ತೋಳು ಜಿಗುಟಿದ. "ಮೊಸಳೆ."

ನೀರಿನ ಮೇಲೆ ಚಪ್ಪಟೆ ತಲೆ. ನನಗೂ ಎದೆ ಧಸಕ್ಕೆಂದಿತು. ಆಮೇಲೆ ಇನ್ನೊಂದು ತಲೆ. ಮತ್ತೊಂದು. ಕೀಂ ಕೀಂ ಅಂತ ಸಿಳ್ಳೆ. ನೀರುನಾಯಿಗಳು! ಐದು ಇದ್ದವು. ಎರಡು ಸಣ್ಣವು. ಅಡ್ಡಸಾಲಾಗಿ ಬಂದು, ಉಳಿದಿದ್ದ ಸಣ್ಣ ಕಾಲುವೆಯಂಥ ನೀರಿನಲ್ಲಿ ಮೀನನ್ನು ದಡಕ್ಕೆ ಒತ್ತುತ್ತಿದ್ದವು. ಒಂದು ದಡ ಹತ್ತಿ, ಮೀನನ್ನು ಎರಡೂ ಕೈಯಲ್ಲಿ ಹಿಡಿದು ತಿಂದಿತು. ಮುಳ್ಳು ಮುರಿಯುವ ಸದ್ದು ನಮ್ಮ ತನಕ ಕೇಳಿತು. ದೊಡ್ಡದೊಂದು ನಮ್ಮತ್ತ ಕತ್ತು ಉದ್ದ ಮಾಡಿ ನೋಡಿತು. ಕದಲದ ದೋಣಿ, ಕದಲದ ಜನ. ಲೆಕ್ಕಕ್ಕಿಲ್ಲ ಅಂತ ತೀರ್ಮಾನಿಸಿ ಮತ್ತೆ ಮುಳುಗಿತು. ಹದಿನೈದು ನಿಮಿಷ ಇದ್ದಿರಬೇಕು. ಒಂದು ಫೋಟೋನೂ ಇಲ್ಲ, ನಂಬಿದರೆ ನಂಬು. ನನ್ನ ಕೈ ಪೂರ್ತಿ ಕೆಸರಾಗಿತ್ತು.

ಅವು ಹೋದ ಮೇಲೆ ನಾವೆಲ್ಲ ಒಟ್ಟಿಗೇ ಮಾತಾಡಲು ಶುರು ಮಾಡಿದೆವು. ದೋಣಿಯವರು ಮಾತ್ರ ನಗಲಿಲ್ಲ. "ನಿಮ್ಗೆ ಚೆಂದ. ನನ್ ಬಲೆಗೆ ಮೂರು ತೂತು" ಅಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಎಂಟರ ಸುಮಾರಿಗೆ ನೀರು ತಿರುಗಿತು. ದೋಣಿ ತಾನಾಗಿ ಅಲ್ಲಾಡಿತು. ದೂರದಲ್ಲಿ ಬೆಳಚು ಹೆಕ್ಕುತ್ತಿದ್ದ ಹೆಂಗಸರು ಬುಟ್ಟಿ ಹೊತ್ತು ದಡಕ್ಕೆ ಹೊರಟಿದ್ದರು.

ಮುಂದಿನ ಹುಣ್ಣಿಮೆ ಕಳೆದ ಬಿದಿಗೆಗೆ ಆಯಿ ಪಂಚಾಂಗದಲ್ಲಿ ಪೆನ್ಸಿಲ್ ಗುರುತು ಹಾಕಿಟ್ಟಿದ್ದಾಳೆ. ನೀನೂ ಬಾ. ಕೆಂಪು ಅಂಗಿ ಬೇಡ. ಹಳೇ ಚಪ್ಪಲಿ ಹಾಕಿಕೊಂಡು ಬಾ, ದೋಣಿ ತಳ್ಳಲು ಇನ್ನೊಬ್ಬರು ಬೇಕು.

ನಿನ್ನ,
ಒಂಟಿ ಚಪ್ಪಲಿಯವ